ಮುರಿದ ಸ್ಟಡ್ಡಿನ ಬಿಡುಗಡೆ

ಕಾರಿನ ಎಂಜಿನ್ನಿನಲ್ಲಿ ಹೆಚ್ಚಾಗಿ ಮುರಿಯುವುದು ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ಡಿಗೆ ಹಿಡಿದಿಡುವ ಸ್ಟಡ್. ಅದರಲ್ಲೂ ಸಾಲಿನ ಎರಡು ತುದಿಗಳಲ್ಲಿರುವವು. ಇದಕ್ಕೆ ಕಾರಣ ತುಕ್ಕೊಂದೇ ಅಲ್ಲ. 40 ಸೆಂಟಿಮೀಟರ್ ಉದ್ದದ ಬೀಡುಕಬ್ಬಿಣದ ಮ್ಯಾನಿಫೋಲ್ಡ್ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಹೆಡ್ಡಿನ ಅಲ್ಯೂಮಿನಿಯಂ ಡಿಗ್ರಿ ಲೆಕ್ಕದಲ್ಲಿ ಕಬ್ಬಿಣದ ಎರಡರಷ್ಟು ಹಿಗ್ಗುವ ಲೋಹವಾದರೂ, ಹೆಡ್ಡಿನೊಳಗೆ ನೀರು ಹರಿಯುವುದರಿಂದ ಅದು 100 ಡಿಗ್ರಿಯ ಆಸುಪಾಸಿನಲ್ಲೇ ಉಳಿದು ಅಷ್ಟೇ ಉದ್ದಕ್ಕೆ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತದೆ. ಈ ಎರಡರ ನಡುವಿನ ಅಂತರ ತುದಿಯ ಸ್ಟಡ್‌ಗಳ ತಲೆಗೆ ಬರುತ್ತದೆ. ಎಂಜಿನ್ ಕಾದು ಆರಿದಾಗಲೆಲ್ಲ ಅವು ಒಂದಿಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತವೆ. ವರ್ಷಗಳ ಮೇಲೆ ಗ್ಯಾಸ್ಕೆಟ್ ಬದಲಿಸಲೆಂದು ನಟ್ಟಿಗೆ ಸ್ಪ್ಯಾನರ್ ಹಾಕಿದರೆ ನಟ್ಟಿನ ಬದಲು ಸ್ಟಡ್ಡೇ ತಿರುಚಿ ತುಂಡಾಗುತ್ತದೆ. ಮಂಗಳೂರು, ಉಡುಪಿಯಂಥ ಕಡಲಂಚಿನ ಊರುಗಳ ಉಪ್ಪುಗಾಳಿಯಲ್ಲಿ ಓಡಿದ ಗಾಡಿಗಳಲ್ಲಿ ಈ ತೊಂದರೆ ಇನ್ನೂ ಬೇಗ ಬರುತ್ತದೆ.

ಬಿಡಿಸುವ ವಿಧಾನಗಳನ್ನು ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ‘ಬಂತೋ ಇಲ್ಲವೋ’ ಎಂಬ ಒಂದೇ ಪ್ರಶ್ನೆಯಿಂದ. ಅದು ಸಾಲದು. ಕಚ್ಚಿ ಕೂತ ಸ್ಟಡ್ ಮೊದಲ ಪ್ರಯತ್ನಕ್ಕೇ ಬರುವುದು ಕಡಿಮೆ. ಹಾಗಾಗಿ ಒಂದು ವಿಧಾನ ಸೋತ ಮೇಲೆ ಮುಂದಿನದಕ್ಕೆ ಏನು ಉಳಿದಿರುತ್ತದೆ ಎಂಬುದನ್ನೂ ಕೇಳಬೇಕು. ಹೀಗೆ ಕೇಳಿದಾಗ ಪೆಟ್ಟಿಗೆಯಲ್ಲಿ ಅಚ್ಚುಕಟ್ಟಾಗಿ ಕಾಣುವ ಎಕ್ಸ್‌ಟ್ರ್ಯಾಕ್ಟರ್ ಸೆಟ್ ಕೆಳಕ್ಕಿಳಿಯುತ್ತದೆ, ಒರಟು ಕೆಲಸವೆನಿಸುವ ವೆಲ್ಡಿಂಗ್ ಮೇಲೇರುತ್ತದೆ.

ಸ್ಟಡ್ ಒಂದೆರಡು ಸೆಂಟಿಮೀಟರ್ ಹೊರಗೆ ಉಳಿದಿದ್ದರೆ ಚರ್ಚೆಗೆ ಹೆಚ್ಚೇನಿಲ್ಲ. ಎರಡು ನಟ್‌ಗಳನ್ನು ಒಂದಕ್ಕೊಂದು ಬಿಗಿದು ಒಳಗಿನದನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಬಹುದು. ಥ್ರೆಡ್ ಹಾಳಾಗಿದ್ದರೆ ಲಾಕಿಂಗ್ ಪ್ಲೈಯರ್ ಇದೆ. ಒಂದೇ ದಿಕ್ಕಿಗೆ ಬಲ ಹಾಕದೆ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಆಡಿಸಿದರೆ ತುಕ್ಕಿನ ಪುಡಿ ಸಡಿಲಾಗುತ್ತದೆ. ಎಣ್ಣೆಯ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಬೇಕು. ಪ್ರತಿ ಗ್ಯಾರೇಜಿನ ಕಪಾಟಿನಲ್ಲೂ ಇರುವ ಡಬ್ಲ್ಯುಡಿ-40 ಅನ್ನು ಅಮೆರಿಕದಲ್ಲಿ 1953ರಲ್ಲಿ ರೂಪಿಸಿದ್ದು ನೀರನ್ನು ಹೊರದೂಡಿ ತುಕ್ಕು ತಡೆಯುವುದಕ್ಕೆ. ಹಿಡಿದುಕೊಂಡ ಥ್ರೆಡ್ಡಿನೊಳಗೆ ಇಳಿಯುವುದು ಅದರ ಮೂಲ ಕೆಲಸವಲ್ಲ. ಪೆನೆಟ್ರೇಟಿಂಗ್ ಆಯಿಲ್ ಎಂದೇ ಮಾರುವ ಎಣ್ಣೆಯನ್ನು ಹಿಂದಿನ ರಾತ್ರಿ ಹಾಕಿಟ್ಟು ಬೆಳಿಗ್ಗೆ ಕೈಹಚ್ಚುವುದು ಮೇಲು. ಸಿಂಪಡಿಸಿದ ಐದು ನಿಮಿಷಕ್ಕೇ ಸ್ಪ್ಯಾನರ್ ಎತ್ತಿಕೊಂಡರೆ ಎಣ್ಣೆಗೆ ಕೊಟ್ಟ ದುಡ್ಡು ದಂಡ.

ಶಾಖಕ್ಕೆ ಎಣ್ಣೆಗಿಂತ ಹೆಚ್ಚು ಬಲವಿದೆ. ಕಾಯಿಸಬೇಕಾದ್ದು ಸ್ಟಡ್ಡನ್ನಲ್ಲ, ಸುತ್ತಲಿನ ಹೆಡ್ಡನ್ನು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚು ಹಿಗ್ಗುವುದರಿಂದ ರಂಧ್ರ ಸಡಿಲಾಗುತ್ತದೆ. ಆದರೆ ಕಬ್ಬಿಣದಂತೆ ಅಲ್ಯೂಮಿನಿಯಂ ಕೆಂಪಾಗಿ ಎಚ್ಚರಿಕೆ ಕೊಡುವುದಿಲ್ಲ. ಶುದ್ಧ ಲೋಹ 660 ಡಿಗ್ರಿಗೆ ಕರಗುತ್ತದೆ. ಎಂಜಿನ್ನಿಗೆ ಬಳಸುವ ಮಿಶ್ರಲೋಹಗಳು ಅದಕ್ಕೂ ಮೊದಲೇ ಕರಗುತ್ತವೆ, ಗಡಸುತನವನ್ನಂತೂ ಎಷ್ಟೋ ಮೊದಲೇ ಕಳೆದುಕೊಳ್ಳುತ್ತವೆ. ಗ್ಯಾಸ್ ಟಾರ್ಚ್ ಹಿಡಿದವರ ಕೈಗೆ ಅಂದಾಜು ಬೇಕು. ಬಿಸಿಯಾದ ಬುಡಕ್ಕೆ ಮೇಣದಬತ್ತಿ ತಾಗಿಸಿ, ಕರಗಿದ ಮೇಣ ಥ್ರೆಡ್ಡಿನೊಳಗೆ ಹೀರಿಹೋಗಲು ಬಿಡುವ ಹಳೆಯ ಉಪಾಯ ನೋಡಲು ಆಟದಂತಿದ್ದರೂ ಕೆಲಸ ಮಾಡುತ್ತದೆ.

ಸ್ಟಡ್ ಹೆಡ್ಡಿನ ಮಟ್ಟಕ್ಕೇ ಮುರಿದಾಗ ನಿಜವಾದ ಆಯ್ಕೆ ಎದುರಾಗುತ್ತದೆ. ಆಗ ಅತ್ಯುತ್ತಮವಾದದ್ದು ನಟ್ ವೆಲ್ಡಿಂಗ್. ಮುರಿದ ಮುಖದ ಮೇಲೆ ವಾಷರ್ ಇಟ್ಟು ಅದರ ತೂತಿನ ಮೂಲಕ ಸ್ಟಡ್ಡಿಗೆ ವೆಲ್ಡ್ ಮಾಡಿ, ವಾಷರಿಗೆ ನಟ್ ಬೆಸೆದು, ಕೆಂಪು ಇಳಿದ ಮೇಲೆ ಸ್ಪ್ಯಾನರಿನಿಂದ ಮೆಲ್ಲನೆ ಆಡಿಸಬೇಕು. ಇದರಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಹಿಡಿಯಲು ಹೊಸ ತಲೆ ಸಿಗುತ್ತದೆ, ಜೊತೆಗೆ ಬೆಸುಗೆಯ ಶಾಖಕ್ಕೆ ಹಿಗ್ಗಿ ಆರುವಾಗ ಕುಗ್ಗುವ ಸ್ಟಡ್ ತುಕ್ಕಿನ ಕಚ್ಚನ್ನು ತಾನೇ ಒಡೆಯುತ್ತದೆ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟದಿರುವುದು ಇನ್ನೊಂದು ಅನುಕೂಲ. ನಟ್ ಕಿತ್ತು ಬಂದರೂ ನಷ್ಟವಿಲ್ಲ. ಮತ್ತೊಂದನ್ನು ಬೆಸೆಯಬಹುದು, ಎರಡನೆಯ ಮೂರನೆಯ ಶಾಖಕ್ಕೆ ಸ್ಟಡ್ ಇನ್ನಷ್ಟು ಸಡಿಲಾಗಿರುತ್ತದೆ. ಸೋಲೂ ಕೆಲಸಕ್ಕೆ ಬರುವ ವಿಧಾನ ಇದೊಂದೇ. ಶುರು ಮಾಡುವ ಮೊದಲು ಬ್ಯಾಟರಿಯ ಟರ್ಮಿನಲ್ ಕಳಚದಿದ್ದರೆ ಇಸಿಯು, ಆಲ್ಟರ್ನೇಟರ್ ಹಾಳಾಗುವ ಭಯವಿದೆ. ಪೆಟ್ರೋಲ್ ಪೈಪುಗಳು ಹತ್ತಿರವಿದ್ದರೆ ಮುಚ್ಚಿಡಬೇಕು.

ಈಸಿ ಔಟ್ ಎಂದು ಕರೆಯುವ ಎಡಸುರುಳಿಯ ಎಕ್ಸ್‌ಟ್ರ್ಯಾಕ್ಟರಿನ ಲೆಕ್ಕಾಚಾರ ಇದಕ್ಕೆ ತದ್ವಿರುದ್ಧ. ಸ್ಟಡ್ಡಿನ ನಡುವೆ ತೂತು ಕೊರೆದು, ಮೊನೆ ಸಣ್ಣದಾಗುತ್ತ ಹೋಗುವ ಈ ಗಡಸು ಉಕ್ಕಿನ ಕಡ್ಡಿಯನ್ನು ಒಳಗೆ ಕಚ್ಚಿಸಿ ತಿರುಗಿಸುವುದು ಕ್ರಮ. ಆದರೆ ತಿರುಚುವ ಬಲವನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಇರುತ್ತದೆ. ವ್ಯಾಸ ಅರ್ಧವಾದರೆ ಶಕ್ತಿ ಎಂಟರಲ್ಲೊಂದಾಗುತ್ತದೆ. 8 ಮಿಲಿಮೀಟರಿನ ಇಡೀ ಸ್ಟಡ್ಡೇ ತಾಳದೆ ಮುರಿದ ಬಲವನ್ನು ಅದರೊಳಗೆ ಹಿಡಿಸುವ 4 ಮಿಲಿಮೀಟರಿನ ಕಡ್ಡಿ ತಾಳಬೇಕೆಂಬ ನಿರೀಕ್ಷೆ, ಕಡ್ಡಿ ಎಷ್ಟೇ ಗಡಸಾಗಿರಲಿ, ಅತಿಯಾಯಿತು. ಸಾಲದ್ದಕ್ಕೆ ಅದು ಸೌದೆಗೆ ಹೊಡೆದ ಬೆಣೆಯಂತೆ ಟೊಳ್ಳಾದ ಸ್ಟಡ್ಡನ್ನು ಹೊರಕ್ಕೆ ಅಗಲಿಸಿ ಥ್ರೆಡ್ಡಿಗೆ ಇನ್ನಷ್ಟು ಒತ್ತುತ್ತದೆ. ಕಡ್ಡಿ ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಮುಟ್ಟಲಾರದು. ಒಂದು ಗಂಟೆಯ ಕೆಲಸ ಹೆಡ್ ಕಳಚುವ ಕೆಲಸವಾಗುತ್ತದೆ. ತುಕ್ಕು ಹಿಡಿಯದೆ ಬರೀ ಅತಿಬಿಗಿತದಿಂದ ಮುರಿದ ಸ್ಟಡ್ಡನ್ನು ಈಸಿ ಔಟ್ ಸಲೀಸಾಗಿ ತೆಗೆಯುತ್ತದೆ ಎಂಬುದು ನಿಜ. ಆದರೆ ಅಂಥದ್ದನ್ನು ಎಡಗೈ ಡ್ರಿಲ್ ಬಿಟ್ ಕೊರೆಯುತ್ತಲೇ ಹೊರಗೆ ತರುತ್ತದೆ. ಆ ಬಿಟ್ಟೇನಾದರೂ ಕೈಕೊಟ್ಟರೂ ಹಾಳಾಗುವುದು ಕಡಿಮೆ.

ಕೊರೆದು ತೆಗೆಯುವುದು ನಿಧಾನದ, ಆದರೆ ಭರವಸೆಯ ದಾರಿ. ಇಡೀ ಕೆಲಸ ನಿಂತಿರುವುದು ಮೊದಲ ತೂತು ನಟ್ಟನಡುವೆ ಬೀಳುವುದರ ಮೇಲೆ. ಅಂಬಾಸಿಡರ್ ಕಾರಿನ 1489 ಸಿಸಿ ಎಂಜಿನ್ನಿನಂಥ ಬೀಡುಕಬ್ಬಿಣದ ಹೆಡ್ಡಿನಲ್ಲಿ ಬಿಟ್ ತುಸು ಪಕ್ಕಕ್ಕೆ ಸರಿದರೂ ಸುತ್ತಲಿನ ಲೋಹ ಅದನ್ನು ತಡೆಯುತ್ತಿತ್ತು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಬಿಟ್ ಗಡಸು ಸ್ಟಡ್ಡನ್ನು ಬಿಟ್ಟು ಮೆತ್ತಗಿನ ಗೋಡೆಯ ಕಡೆಗೆ ಓಡುತ್ತದೆ. ಮುರಿದ ಮುಖವನ್ನು ಅರದಿಂದ ಸಮ ಮಾಡಿ ಸೆಂಟರ್ ಪಂಚ್ ಹೊಡೆದರೂ ಕೈಯಳತೆಯನ್ನು ನಂಬುವಂತಿಲ್ಲ. ಲೇತಿನಲ್ಲಿ ಒಂದು ಬುಷ್ ಕಡೆಸಿ, ಹೊರಮೈ ಮ್ಯಾನಿಫೋಲ್ಡಿನ ತೂತಿಗೆ ಹೊಂದುವಂತೆ, ಒಳತೂತು 3 ಮಿಲಿಮೀಟರ್ ಇರುವಂತೆ ಮಾಡಿಸಿದರೆ ಮ್ಯಾನಿಫೋಲ್ಡೇ ಬಿಟ್ಟಿಗೆ ದಾರಿ ತೋರುತ್ತದೆ. ಮಾಡಿಸಲು ಅರ್ಧ ಗಂಟೆ ಹಿಡಿಯುವ ಈ ಬುಷ್ಷನ್ನು ಹೆಚ್ಚಿನವರು ಅನಗತ್ಯವೆಂದು ಬಿಟ್ಟುಬಿಡುವುದು ಸೋಜಿಗ. ತೂತನ್ನು ಹಂತಹಂತವಾಗಿ ದೊಡ್ಡದು ಮಾಡುತ್ತ ಹೋಗಬೇಕು. 1.25 ಮಿಲಿಮೀಟರ್ ಪಿಚ್ಚಿನ 8 ಮಿಲಿಮೀಟರ್ ಥ್ರೆಡ್ಡಿಗೆ ಟ್ಯಾಪ್ ಮಾಡುವ ತೂತು 6.8 ಮಿಲಿಮೀಟರ್. ಅದರ ಹತ್ತಿರ ಬಂದಾಗ ಸ್ಟಡ್ಡಿನಲ್ಲಿ ಉಳಿಯುವುದು ತೆಳು ಸ್ಪ್ರಿಂಗಿನಂಥ ಥ್ರೆಡ್ ಮಾತ್ರ. ಅದನ್ನು ಮೊನಚು ಕಡ್ಡಿಯಿಂದ ಎಳೆದು ತೆಗೆಯಬಹುದು. ಪಕ್ಕದ ಸ್ಟಡ್ ಬಿಚ್ಚಿ ಆಳ ಅಳೆದಿಟ್ಟುಕೊಳ್ಳಬೇಕು. ತಳ ದಾಟಿದರೆ ನೀರಿನ ಜಾಕೆಟ್ ತೂತಾಗಬಹುದು.

ಮೂಲ ಥ್ರೆಡ್ ಹೋಗಿಬಿಟ್ಟರೆ ಹೆಲಿಕಾಯಿಲ್ ಇದೆ. 8.3 ಮಿಲಿಮೀಟರಿಗೆ ಕೊರೆದು ವಿಶೇಷ ಟ್ಯಾಪ್ ಹಾಕಿ ಸ್ಟೇನ್‌ಲೆಸ್ ತಂತಿಯ ಸುರುಳಿಯನ್ನು ಕೂರಿಸುವ ಈ ಕ್ರಮವನ್ನು ತೇಪೆ ಕೆಲಸವೆಂದು ಹಳಿಯುವವರಿದ್ದಾರೆ. ಬರಿಯ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಅದು ಗಟ್ಟಿ. ಅದಕ್ಕಿಂತ ಅನುಮಾನಪಡಬೇಕಾದ್ದು ತೂತನ್ನು 10 ಮಿಲಿಮೀಟರಿಗೆ ಹಿಗ್ಗಿಸಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇರುವ ಸ್ಟಡ್ ಕಡೆಸಿ ಹಾಕುವ ಪದ್ಧತಿಯನ್ನು. ಗೋಡೆ ತೆಳುವಾದ ಕಡೆ ಬಿರುಕಿಗೆ ಅದು ದಾರಿ ಮಾಡುತ್ತದೆ.

ಒಳಗೆ ಈಸಿ ಔಟೋ ಟ್ಯಾಪೋ ಮುರಿದಿದ್ದರೆ ಉಳಿಯುವುದು ಸ್ಪಾರ್ಕ್ ಎರೋಷನ್. ಸೋವಿಯತ್ ಒಕ್ಕೂಟದಲ್ಲಿ 1943ರಲ್ಲಿ ಲಜರೆಂಕೊ ದಂಪತಿ ರೂಪಿಸಿದ ಈ ವಿಧಾನದಲ್ಲಿ ವಿದ್ಯುತ್ ಕಿಡಿಗಳು ಲೋಹವನ್ನು ಕಣಕಣವಾಗಿ ಸವೆಸುತ್ತವೆ. ಎಲೆಕ್ಟ್ರೋಡ್ ಲೋಹವನ್ನು ಮುಟ್ಟುವುದೇ ಇಲ್ಲವಾದ್ದರಿಂದ ಗಡಸುತನ ಅಡ್ಡಿಯಾಗದು. ಬೆಂಗಳೂರಿನ ಪೀಣ್ಯದ ಟೂಲ್‌ರೂಮುಗಳಲ್ಲಿ ಡೈ ಮಾಡಲು ಇಂಥ ಯಂತ್ರಗಳಿವೆ. ಹೆಡ್ಡನ್ನು ಕಳಚಿ ಅಲ್ಲಿಯವರೆಗೆ ಒಯ್ಯಬೇಕಾಗಿ ಬರುವುದೇ ಖರ್ಚಿನ ದೊಡ್ಡ ಪಾಲು. ಬಿಸಿ ಪಟಿಕದ ನೀರಿನಲ್ಲಿ ಉಕ್ಕು ಕರಗುತ್ತದೆ, ಅಲ್ಯೂಮಿನಿಯಂ ಬಹುತೇಕ ಹಾಗೇ ಉಳಿಯುತ್ತದೆ ಎಂಬ ಗಡಿಯಾರ ರಿಪೇರಿಯವರ ಉಪಾಯ ನಿಜವೇ ಆದರೂ ಸಣ್ಣ ಬಿಡಿಭಾಗಗಳಿಗೆ ಸರಿ, ಎಂಜಿನ್ನಿನ ಹೆಡ್ಡಿಗೆ ಒಗ್ಗದು.

ಸ್ಟಡ್ ಬಂದಮೇಲೆ ಮ್ಯಾನಿಫೋಲ್ಡಿನ ಮುಖದ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಬಾಗಿದೆಯೇ ಎಂದು ನೋಡದೆ ಮತ್ತೆ ಜೋಡಿಸುವುದು ಎಲ್ಲೆಡೆ ಕಾಣುವ ತಪ್ಪು. ಬಾಗಿದ್ದನ್ನು ಮೆಷಿನ್ ಮಾಡಿಸಿ ಸಮ ಮಾಡದಿದ್ದರೆ ಅದೇ ತುದಿಯ ಹೊಸ ಸ್ಟಡ್ಡೂ ಮುರಿಯುತ್ತದೆ. ಹೊಸದಕ್ಕೆ ತಾಮ್ರಲೇಪದ ನಟ್ ಹಾಕಿ ಆಂಟಿ ಸೀಜ್ ಪೇಸ್ಟ್ ಹಚ್ಚುವುದಾದರೆ ಟಾರ್ಕ್ ಇಳಿಸಬೇಕು. ಜಾರುವ ಥ್ರೆಡ್ಡಿಗೆ ಒಣ ಥ್ರೆಡ್ಡಿನ ಟಾರ್ಕನ್ನೇ ಕೊಟ್ಟರೆ ಸ್ಟಡ್ ಮಿತಿ ಮೀರಿ ಎಳೆದುಕೊಳ್ಳುತ್ತದೆ. ನಟ್‌ಗಳನ್ನು ಬಿಗಿಯಬೇಕಾದ್ದು ನಡುವಿನಿಂದ ತುದಿಗಳ ಕಡೆಗೆ, ಎರಡು ಮೂರು ಸುತ್ತಿನಲ್ಲಿ.