ಅಪಾಯವಿದ್ದೂ ಅರ್ಹತೆಯಿಲ್ಲದ ನೆಲ

ವಿಪತ್ತು ಎರಗಿದ ಮೇಲೆ ಕೊಡುವ ಪರಿಹಾರಕ್ಕೂ, ಅದರ ಹಾನಿ ತಗ್ಗುವಂತೆ ಮೊದಲೇ ಕೈಗೊಳ್ಳುವ ಕೆಲಸಕ್ಕೂ ಬೇರೆ ಬೇರೆ ನಿಧಿ ಇರಬೇಕೆಂದು 2005ರ ವಿಪತ್ತು ನಿರ್ವಹಣಾ ಕಾಯ್ದೆಯೇ ಹೇಳಿತ್ತಾದರೂ, ಎರಡನೆಯದಾದ ಉಪಶಮನ ನಿಧಿಗೆ ದೇಶದಾದ್ಯಂತ ನಿಶ್ಚಿತ ಹಣ ದೊರೆತದ್ದು ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನಿಂದ, 2021ರ ನಂತರ. ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 80ರಷ್ಟು ಪರಿಹಾರ, ಪುನರ್ನಿರ್ಮಾಣ ಮತ್ತು ಸನ್ನದ್ಧತೆಗೆ, ಉಳಿದ ಶೇ 20ರಷ್ಟು ಉಪಶಮನಕ್ಕೆ ಎಂದು ಆಯೋಗ ವಿಂಗಡಿಸಿತು. ಕರ್ನಾಟಕದಂತಹ ರಾಜ್ಯಗಳಲ್ಲಿ ಈ ಹಣದ ಮುಕ್ಕಾಲು ಪಾಲನ್ನು ಕೇಂದ್ರವೂ ಕಾಲು ಪಾಲನ್ನು ರಾಜ್ಯವೂ ಭರಿಸುತ್ತವೆ. ಐದನೆಯ ಒಂದು ಪಾಲನ್ನಾದರೂ ಮುನ್ನೆಚ್ಚರಿಕೆಗೆ ಕಟ್ಟಿಟ್ಟದ್ದು ದೊಡ್ಡ ಹೆಜ್ಜೆಯೇ ಸರಿ. ಆದರೆ ಯಾವ ಕೆಲಸ ಈ ಹಣಕ್ಕೆ ಅರ್ಹ ಎಂಬುದನ್ನು ತೀರ್ಮಾನಿಸುವ ನಿಯಮಗಳು ಅಷ್ಟೇ ದೂರದೃಷ್ಟಿಯಿಂದ ರೂಪುಗೊಂಡಿಲ್ಲ.

ಮೊದಲ ಷರತ್ತು ವಿಪತ್ತಿನ ಹೆಸರಿಗೆ ಸಂಬಂಧಿಸಿದ್ದು. ಕೇಂದ್ರವು ಅಧಿಸೂಚಿಸಿದ, ಅಂದರೆ ನೆರವಿಗೆ ಯೋಗ್ಯವೆಂದು ಪ್ರಕಟಿಸಿದ 12 ವಿಪತ್ತುಗಳಲ್ಲಿ ಬರ, ಪ್ರವಾಹ, ಭೂಕಂಪ, ಬೆಂಕಿ, ಭೂಕುಸಿತ, ಆಲಿಕಲ್ಲು ಮಳೆ, ಕೀಟಬಾಧೆ ಮುಂತಾದವುಗಳಿವೆ. ಇವುಗಳ ಜೊತೆಗೆ ರಾಜ್ಯ ತಾನೇ ಗುರುತಿಸಿದ ಸ್ಥಳೀಯ ವಿಪತ್ತುಗಳಿಗೂ ಅವಕಾಶವಿದೆ. ಆದರೂ ಪಟ್ಟಿಯಲ್ಲಿ ಉಳಿದಿರುವ ಕೊರತೆಗೆ ಒಂದು ಉದಾಹರಣೆ ನೋಡಿ: 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಜನ ಸತ್ತರು. ಮನುಷ್ಯನ ಕೈಯಿಂದಾದ ಅನಾಹುತವನ್ನೂ, ನಿರ್ಲಕ್ಷ್ಯದಿಂದಾದ ಅವಘಡವನ್ನೂ ವಿಪತ್ತೆಂದೇ ಕಾಯ್ದೆ ವ್ಯಾಖ್ಯಾನಿಸುತ್ತದೆ. ಆದರೆ ಆ 12 ಹೆಸರುಗಳಲ್ಲಿ ಕಟ್ಟಡ ಕುಸಿತ ಇಲ್ಲ. ಕಾಯ್ದೆಯ ಕಣ್ಣಿಗೆ ಕಾಣುವ ಸಾವು ನಿಧಿಯ ಕಣ್ಣಿಗೆ ಕಾಣದಿರುವುದು ಈ ವ್ಯವಸ್ಥೆಯ ಅತ್ಯಂತ ನೋವಿನ ದೋಷ, ಏಕೆಂದರೆ ಕಟ್ಟಡಗಳ ಬಲವನ್ನು ಮೊದಲೇ ಪರೀಕ್ಷಿಸುವುದು ಉಪಶಮನದ ಕೆಲಸಗಳಲ್ಲೇ ಅಗ್ಗದ್ದು.

ಎರಡನೆಯ ಷರತ್ತು ಕಾಮಗಾರಿಯ ಗಾತ್ರದ್ದು. ರಾಜ್ಯ ಉಪಶಮನ ನಿಧಿಯು ಸ್ಥಳೀಯ, ಸಮುದಾಯ ಮಟ್ಟದ ಕೆಲಸಗಳಿಗೆ ಮೀಸಲು. ಕಡಲ ತಡೆಗೋಡೆ, ಪ್ರವಾಹ ತಡೆಯುವ ಒಡ್ಡು ಮೊದಲಾದ ದೊಡ್ಡ ನಿರ್ಮಾಣಗಳನ್ನು ಇಲಾಖೆಗಳ ವಾಡಿಕೆಯ ಯೋಜನೆಗಳಲ್ಲೇ ಮಾಡಬೇಕೆಂಬುದು ಆಯೋಗದ ನಿಲುವು. ಸಣ್ಣ ನಿಧಿಯನ್ನು ಕಾಂಕ್ರೀಟು ನುಂಗಿಬಿಡಬಾರದೆಂಬ ಈ ಕಾಳಜಿ ನ್ಯಾಯವಾದದ್ದು. ದೊಡ್ಡ ನಗರಗಳ ಮಳೆನೀರಿನ ಹಾವಳಿಗೆಂದು ಅದೇ ಆಯೋಗ ಪ್ರತ್ಯೇಕವಾಗಿ 2,500 ಕೋಟಿ ರೂಪಾಯಿ ಸೂಚಿಸಿತು: ಮುಂಬೈ, ಚೆನ್ನೈ, ಕೋಲ್ಕತ್ತಗಳಿಗೆ ತಲಾ 500 ಕೋಟಿ, ಬೆಂಗಳೂರು, ಹೈದರಾಬಾದ್, ಅಹಮದಾಬಾದ್, ಪುಣೆಗಳಿಗೆ ತಲಾ 250 ಕೋಟಿ. ರಾಜ್ಯದ ಎರಡನೆಯ ದೊಡ್ಡ ನಗರವಾದ ಹುಬ್ಬಳ್ಳಿ-ಧಾರವಾಡ ಆ ಏಳರ ಪಟ್ಟಿಯಲ್ಲಿ ಇರಲಿಲ್ಲ. ಮಹಾನಗರಗಳ ಹಣಕ್ಕೆ ಚಿಕ್ಕದು, ಸಮುದಾಯ ಮಟ್ಟದ ಹಣಕ್ಕೆ ದೊಡ್ಡದು ಎಂಬಂತಹ ನಗರದ ಚರಂಡಿ, ನಾಲಾ, ಕೆರೆಗಳ ಕೆಲಸ ಎರಡರ ನಡುವೆ ನಿಂತುಬಿಡುತ್ತದೆ.

ನಡುವೆ ನಿಲ್ಲುವುದೆಂದರೇನೆಂದು ರಾಯಾಪುರವನ್ನು ನೋಡಿದರೆ ತಿಳಿಯುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡಗಳ ಮಧ್ಯೆ ಹಳೆಯ ಪುಣೆ-ಬೆಂಗಳೂರು ರಸ್ತೆಗೆ ಅಂಟಿಕೊಂಡಿರುವ ಈ ಪ್ರದೇಶದಲ್ಲಿ ಕೈಗಾರಿಕಾ ವಸಾಹತು, ಬಡಾವಣೆಗಳು, ಚಿಗರಿ ಬಸ್ಸು ಓಡುವ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಪಥ ಎಲ್ಲವೂ ಒಟ್ಟಿಗಿವೆ. ಇಂತಹ ಕಡೆ ಹೊಲ ಪ್ಲಾಟಾದಾಗ, ಮಣ್ಣು ಹೀರುತ್ತಿದ್ದ ಮಳೆ ರಸ್ತೆಗೆ ಹರಿಯುತ್ತದೆ. ಹಾಗೆ ಹರಿದ ನೀರು ಪಾಲಿಕೆ, ಹೆದ್ದಾರಿ, ಕೈಗಾರಿಕಾ ವಸಾಹತುಗಳ ಗಡಿಯನ್ನು ಕೇಳಿ ನಿಲ್ಲುವುದಿಲ್ಲ, ಆದರೆ ಪ್ರಸ್ತಾವ ಸಲ್ಲಿಸುವವರು ಯಾರೆಂಬ ಪ್ರಶ್ನೆ ಆ ಗಡಿಗಳಲ್ಲೇ ಸಿಕ್ಕಿಕೊಳ್ಳುತ್ತದೆ. ಜಿಲ್ಲೆಯ ಬಯಲಿನಲ್ಲಿ ಉಕ್ಕುವ ಬೆಣ್ಣಿಹಳ್ಳದ ನೆರೆಗೆ ಪ್ರವಾಹವೆಂಬ ಹೆಸರಾದರೂ ಇದೆ. ನಗರದ ಅಂಚಿನಲ್ಲಿ ಗಂಟೆಗಟ್ಟಲೆ ನಿಲ್ಲುವ ನೀರನ್ನು ಪ್ರವಾಹವೆಂದು ಕಾಗದದಲ್ಲಿ ಸಾಬೀತುಪಡಿಸುವುದೇ ಒಂದು ಕೆಲಸ.

ಅರ್ಹತೆಯನ್ನು ವಿಪತ್ತಿನ ಹೆಸರಿನಿಂದಲೂ ಊರಿನ ದರ್ಜೆಯಿಂದಲೂ ಅಳೆಯುವ ಬದಲು, ಎಷ್ಟು ಜನ ಎಷ್ಟು ಅಪಾಯದಲ್ಲಿದ್ದಾರೆ ಎಂಬುದರಿಂದ ಅಳೆಯಬೇಕಿತ್ತು. 2025ರಲ್ಲಿ ತಿದ್ದುಪಡಿಯಾದ ಕಾಯ್ದೆಯು ಮಹಾನಗರ ಪಾಲಿಕೆಗಳಿರುವ ನಗರಗಳಿಗೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ಅವಕಾಶ ಕೊಟ್ಟಿರುವುದರಿಂದ ಹುಬ್ಬಳ್ಳಿ-ಧಾರವಾಡಕ್ಕೂ ದಾರಿ ತೆರೆದಿದೆ. ಅಂತಹ ಪ್ರಾಧಿಕಾರದ ಯೋಜನೆಯಲ್ಲಿ ರಾಯಾಪುರದ ನೀರಿನ ಹರಿವನ್ನೂ ಅವಳಿ ನಗರದ ಕಟ್ಟಡಗಳ ಬಲವನ್ನೂ ವಾರ್ಡುವಾರು ದಾಖಲಿಸಿ, ಆ ದಾಖಲೆಯನ್ನೇ ಉಪಶಮನ ನಿಧಿಯ ಅರ್ಹತೆಗೆ ಸಾಕ್ಷ್ಯವೆಂದು ಇದೇ ಕಾಯ್ದೆಯಡಿಯ ರಾಜ್ಯ ಕಾರ್ಯಕಾರಿ ಸಮಿತಿ ಒಪ್ಪಿಕೊಳ್ಳಬೇಕು. ಕಟ್ಟಡ ಕುಸಿತವನ್ನು ರಾಜ್ಯದ ಸ್ಥಳೀಯ ವಿಪತ್ತುಗಳ ಸಾಲಿಗೆ ಸೇರಿಸಲು ಕುಮಾರೇಶ್ವರ ನಗರದ 19 ಸಾವುಗಳಿಗಿಂತ ಹೆಚ್ಚಿನ ಪುರಾವೆ ಬೇಕಾಗಿಲ್ಲ.