ಬದುಕಿರುವವರ ನಿಧನಲೇಖನ: ಕರಡಿಗೆ ಕಾವಲು ಎಲ್ಲಿರಬೇಕು?

ಪ್ರಸಿದ್ಧರ ಬದುಕು ಮತ್ತು ಸಾಧನೆಗಳನ್ನು ನಿರೂಪಿಸುವ ನಿಧನಲೇಖನಗಳನ್ನು ಅವರು ಜೀವಂತವಾಗಿರುವಾಗಲೇ ಬರೆದು, ದಿನಾಂಕ, ವಯಸ್ಸು, ಸಾವಿನ ಕಾರಣ ಇಷ್ಟಕ್ಕೆ ಮಾತ್ರ ಜಾಗ ಬಿಟ್ಟು ಕಾದಿರಿಸುವ ಪದ್ಧತಿ ದೊಡ್ಡ ಸುದ್ದಿಸಂಸ್ಥೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಗ್ರಹದಲ್ಲಿ ಇಂಥ ಲೇಖನಗಳು ಸಾವಿರಕ್ಕೂ ಮಿಕ್ಕಿವೆ. 2011ರಲ್ಲಿ ನಟಿ ಎಲಿಜಬೆತ್ ಟೇಲರ್ ತೀರಿಕೊಂಡಾಗ ಆ ಪತ್ರಿಕೆ ಪ್ರಕಟಿಸಿದ ಲೇಖನದ ಮುಖ್ಯ ಲೇಖಕ ಮೆಲ್ ಗಸ್ಸೊ 2005ರಲ್ಲಿಯೇ ನಿಧನರಾಗಿದ್ದರು. ಪದ್ಧತಿಯಲ್ಲಿ ಆಕ್ಷೇಪಿಸಬೇಕಾದದ್ದೇನೂ ಇಲ್ಲ. ಎಂಬತ್ತು ವರ್ಷಗಳ ಬದುಕನ್ನು ಸಾವಿನ ಸುದ್ದಿ ಬಂದ ಒಂದು ಗಂಟೆಯೊಳಗೆ ಬರೆದು ಮುಗಿಸುವುದಕ್ಕಿಂತ, ತಿಂಗಳುಗಟ್ಟಲೆ ಓದಿ, ವಿಚಾರಿಸಿ, ತಿದ್ದಿ ಬರೆದಿಡುವುದು ಆ ಬದುಕಿಗೆ ಸಲ್ಲಿಸುವ ನಿಜವಾದ ಗೌರವ. ಆದರೆ ಹೀಗೆ ಕಾದಿರಿಸಿದ ಕರಡು ಅಕಾಲದಲ್ಲಿ ಹೊರಬೀಳದಂತೆ ತಡೆಯುವ ವ್ಯವಸ್ಥೆಯನ್ನು ಪರಿಶೀಲಿಸಿದರೆ, ಕಾವಲನ್ನು ಹೆಚ್ಚಿನ ಸಂಸ್ಥೆಗಳು ತಪ್ಪು ಜಾಗದಲ್ಲಿ ನಿಲ್ಲಿಸಿವೆ ಎಂಬುದು ಸ್ಪಷ್ಟವಾಗುತ್ತದೆ.

1998ರ ಜೂನ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಯ ಜಾಲತಾಣದಲ್ಲಿ ಹಾಸ್ಯನಟ ಬಾಬ್ ಹೋಪ್ ಅವರ ಸಿದ್ಧಲೇಖನ ಕಾಣಿಸಿಕೊಂಡಿತು. ಅದನ್ನು ನಂಬಿ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಅವರ ಸಾವನ್ನು ಘೋಷಿಸಲಾಯಿತು. ಹೋಪ್ ಬದುಕಿದ್ದರು, ಆ ಬಳಿಕ ಐದು ವರ್ಷ ಬದುಕಿ ನೂರು ತುಂಬಿದ ಮೇಲೆ ತೀರಿಕೊಂಡರು. 2003ರಲ್ಲಿ ಸಿಎನ್‌ಎನ್ ಜಾಲತಾಣದ ಪ್ರಯೋಗಪುಟಗಳಿಗೆ ಪ್ರವೇಶಪದದ ರಕ್ಷಣೆ ಇಲ್ಲದಿದ್ದುದರಿಂದ ಹಲವು ಗಣ್ಯರ ಅರೆಬರೆ ಲೇಖನಗಳು ಓದುಗರ ಕೈಗೆ ಸಿಕ್ಕವು. ಒಬ್ಬರಿಗಾಗಿ ಬರೆದ ಪುಟವನ್ನೇ ಅಚ್ಚಾಗಿ ಬಳಸಿ ಇನ್ನೊಬ್ಬರದನ್ನು ಸಿದ್ಧಪಡಿಸುತ್ತಿದ್ದ ಕಾರಣ, ಆಗಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿ ಅವರ ಪುಟದಲ್ಲಿ ಬ್ರಿಟನ್ನಿನ ರಾಜಮಾತೆಯ ವರ್ಣನೆ ಉಳಿದುಕೊಂಡಿತ್ತು. 2008ರ ಆಗಸ್ಟ್ ಕೊನೆಯಲ್ಲಿ ಬ್ಲೂಮ್‌ಬರ್ಗ್ ಸಂಸ್ಥೆ ಸ್ಟೀವ್ ಜಾಬ್ಸ್ ಅವರ ಲೇಖನವನ್ನು ಪರಿಷ್ಕರಿಸುತ್ತಿದ್ದಾಗ ಅದು ಚಂದಾದಾರರಿಗೆ ರವಾನೆಯಾಯಿತು. ಅದರಲ್ಲಿ ವಯಸ್ಸು ಮತ್ತು ಸಾವಿನ ಕಾರಣದ ಜಾಗಗಳು ಖಾಲಿ ಇದ್ದುದಲ್ಲದೆ, ಸಾವಿನ ನಂತರ ಪ್ರತಿಕ್ರಿಯೆಗಾಗಿ ಯಾರನ್ನೆಲ್ಲ ಸಂಪರ್ಕಿಸಬೇಕೆಂಬ ವರದಿಗಾರರ ಒಳಟಿಪ್ಪಣಿಯೂ ಇತ್ತು. ಕರಡು ಸೋರಿದಾಗ ಆಗುವ ಹಾನಿ ಸುಳ್ಳುಸುದ್ದಿಗೆ ಸೀಮಿತವಲ್ಲ, ಸಂಸ್ಥೆಯನ್ನು ನಂಬಿದ ಮೂರನೆಯವರ ಗೋಪ್ಯವೂ ಅದರೊಡನೆ ಬಯಲಾಗುತ್ತದೆ ಎಂಬುದಕ್ಕೆ ಈ ಪ್ರಕರಣವೇ ಸಾಕ್ಷಿ.

ಇಂಥ ಅನಾಹುತಕ್ಕೆ ತಂತ್ರಾಂಶ ರೂಪಿಸುವವರು ಮೊದಲು ಸೂಚಿಸುವ ಮದ್ದು ಖಚಿತಪಡಿಸುವ ಪ್ರಶ್ನೆ, ಅಂದರೆ ಗುಂಡಿ ಒತ್ತಿದ ಕೂಡಲೇ ‘ಪ್ರಕಟಿಸಬೇಕೆಂಬುದು ಖಚಿತವೇ’ ಎಂದು ಪರದೆಯ ಮೇಲೆ ಮೂಡುವ ವಿಚಾರಣೆ. ವರ್ಡ್‌ಪ್ರೆಸ್ ತಂತ್ರಾಂಶದ 2018ರ ಡಿಸೆಂಬರ್ ಆವೃತ್ತಿಯ ಹೊಸ ಸಂಪಾದಕದಲ್ಲಿ ಪ್ರಕಟಣೆ ಎರಡು ಹೆಜ್ಜೆಗಳಲ್ಲಿ ನಡೆಯುತ್ತದೆ; ಮೊದಲ ಒತ್ತಿಗೆ ತಪಾಸಣೆಯ ಫಲಕ ತೆರೆದುಕೊಂಡು, ಎರಡನೆಯ ಒತ್ತಿಗೆ ಮಾತ್ರ ಬರಹ ಹೊರಹೋಗುತ್ತದೆ. ಬೆರಳು ಜಾರಿದವರಿಗೆ ಇದು ಆಸರೆಯೇ ಸರಿ. ಆದರೆ ಅದೇ ಫಲಕವನ್ನು ಮುಂದೆಂದೂ ತೋರಿಸದಂತೆ ಬಳಕೆದಾರ ಆಯ್ದುಕೊಳ್ಳುವ ಅವಕಾಶವೂ ಅಲ್ಲಿದೆ, ಮತ್ತು ದಿನಕ್ಕೆ ಹತ್ತಾರು ಸುದ್ದಿ ಹಾಕುವವರು ಆ ಅವಕಾಶವನ್ನು ಬಳಸಿಕೊಳ್ಳದಿರುವುದು ಕಷ್ಟ. ಮತ್ತೆ ಮತ್ತೆ ಎದುರಾಗುವ ಇಂಥ ಪ್ರಶ್ನೆಗೆ ಕೊಡುವ ಉತ್ತರವು ಬೇಗನೆ ಅಭ್ಯಾಸವಾಗಿ, ಯೋಚನೆಯಿಲ್ಲದೆ ಬೆರಳೇ ಉತ್ತರಿಸತೊಡಗುತ್ತದೆ ಎಂದು ಜೆಫ್ ರಾಸ್ಕಿನ್ 2000ದಲ್ಲಿ ಪ್ರಕಟವಾದ ‘ದಿ ಹ್ಯುಮೇನ್ ಇಂಟರ್‌ಫೇಸ್’ ಗ್ರಂಥದಲ್ಲಿ ವಾದಿಸಿದ್ದರು.

ರಾಸ್ಕಿನ್ ಅವರ ವಾದಕ್ಕಿಂತಲೂ ಗಂಭೀರವಾದ ದೋಷವೊಂದನ್ನು 2018ರ ಜನವರಿ 13ರಂದು ಹವಾಯಿಯಲ್ಲಿ ನಡೆದ ಘಟನೆ ತೋರಿಸಿಕೊಟ್ಟಿತು. ಅಣಕು ಅಭ್ಯಾಸದ ವೇಳೆ ಕ್ಷಿಪಣಿ ದಾಳಿಯ ಎಚ್ಚರಿಕೆ ನಿಜವಾಗಿಯೇ ಜನರ ಫೋನುಗಳಿಗೆ ಹೋಯಿತು. ಅದನ್ನು ಸರಿಪಡಿಸುವ ಸಂದೇಶ ತಲುಪಲು 38 ನಿಮಿಷ ಹಿಡಿಯಿತು. ತನಿಖೆಯಿಂದ ತಿಳಿದುಬಂದಂತೆ ಅಲ್ಲಿಯೂ ಖಚಿತಪಡಿಸುವ ಪ್ರಶ್ನೆ ಇತ್ತು, ಅಣಕಿಗೂ ನಿಜಕ್ಕೂ ಪ್ರಶ್ನೆಯ ಮಾತು ಒಂದೇ ಆಗಿತ್ತು, ಮತ್ತು ದಾಳಿ ನಿಜವೆಂದೇ ನಂಬಿದ್ದ ನೌಕರ ಹೌದೆಂದು ಉತ್ತರಿಸಿದ್ದ. ಅಲ್ಲಿ ಅಭ್ಯಾಸಬಲವೂ ಇರಲಿಲ್ಲ, ಅಜಾಗರೂಕತೆಯೂ ಇರಲಿಲ್ಲ. ತಪ್ಪು ತಿಳಿವಳಿಕೆಯಲ್ಲಿರುವವನನ್ನೇ ಕರೆದು ‘ಖಚಿತವೇ’ ಎಂದು ಕೇಳಿದರೆ ಅವನು ಪ್ರಾಮಾಣಿಕವಾಗಿಯೇ ಹೌದೆನ್ನುತ್ತಾನೆ. ಆ ಘಟನೆಯ ನಂತರ ಇಬ್ಬರು ಒಪ್ಪಿದ ಹೊರತು ಎಚ್ಚರಿಕೆ ಹೊರಡದಂತೆ ನಿಯಮ ಮಾಡಲಾಯಿತು.

ಪ್ರಕಟಣೆಯ ಗುಂಡಿಯ ಬಳಿ ಎಷ್ಟೇ ಕಾವಲಿಟ್ಟರೂ ಸಾಲದೆಂಬುದನ್ನು ಸ್ಥಾಪಿಸಿದ್ದು ಮಾತ್ರ 2020ರ ನವೆಂಬರ್‌ನಲ್ಲಿ ಫ್ರಾನ್ಸಿನ ಆರ್‌ಎಫ್‌ಐ ಬಾನುಲಿ ಸಂಸ್ಥೆಗೆ ಒದಗಿದ ಪ್ರಸಂಗ. ಬರಹಗಳನ್ನು ಸಂಗ್ರಹಿಸಿ ಪ್ರಕಟಿಸುವ ಹಳೆಯ ತಂತ್ರಾಂಶದಿಂದ ಹೊಸದಕ್ಕೆ ಬದಲಾಗುವ ಹಂತದಲ್ಲಿ, ರಾಣಿ ಎಲಿಜಬೆತ್, ಪೆಲೆ, ಜಿಮ್ಮಿ ಕಾರ್ಟರ್, ಕ್ಲಿಂಟ್ ಈಸ್ಟ್‌ವುಡ್ ಮೊದಲಾದ ನೂರರಷ್ಟು ಮಂದಿಯ ನಿಧನಲೇಖನಗಳು ಒಮ್ಮೆಲೇ ಪ್ರಕಟವಾದವು. ಸಂಸ್ಥೆ ಕ್ಷಮೆ ಕೋರಿತು. ಆ ನೂರು ಲೇಖನಗಳಲ್ಲಿ ಒಂದನ್ನೂ ಪ್ರಕಟಿಸಬೇಕೆಂದು ಯಾವ ಉಪಸಂಪಾದಕನೂ ತೀರ್ಮಾನಿಸಿರಲಿಲ್ಲ; ಆದ್ದರಿಂದ ಅಲ್ಲಿ ಪ್ರಶ್ನೆ ಕೇಳಿಸಿಕೊಳ್ಳುವವರೂ ಇರಲಿಲ್ಲ. ಇಂದಿನ ಬಹುತೇಕ ಪ್ರಕಟಣಾ ತಂತ್ರಾಂಶಗಳಲ್ಲಿ ಕರಡು ಮತ್ತು ಪ್ರಕಟಿತ ಬರಹಗಳೆರಡೂ ಒಂದೇ ಉಗ್ರಾಣದಲ್ಲಿರುತ್ತವೆ, ಅವನ್ನು ಬೇರ್ಪಡಿಸುವುದು ‘ಸ್ಥಿತಿ’ ಎಂಬ ಒಂದು ಅಂಕಣದಲ್ಲಿ ಬರೆದ ಒಂದು ಪದ ಮಾತ್ರ. ಉಗ್ರಾಣವನ್ನೇ ಸಾಗಿಸುವಾಗ ಆ ಒಂದು ಪದ ಕಳೆದರೆ ಅಥವಾ ಬದಲಾದರೆ ಎಲ್ಲ ಕಾವಲೂ ಒಟ್ಟಿಗೆ ಬಿದ್ದುಹೋಗುತ್ತದೆ.

ಹೀಗಾಗಿ ಕರಡು ಇರುವ ಜಾಗವೂ ಕರಡಿನ ಮೈಯೂ ತಾವೇ ಪ್ರಕಟಣೆಯನ್ನು ತಡೆಯುವಂತಿರಬೇಕೆಂಬ ವಿಚಾರಕ್ಕೆ ಹೆಚ್ಚಿನ ಮಹತ್ವ ಕೊಡಬೇಕಾಗುತ್ತದೆ. ಜಪಾನಿನ ಕಾರ್ಖಾನೆಗಳಲ್ಲಿ ಶಿಗೆಯೊ ಶಿಂಗೊ ರೂಢಿಗೆ ತಂದ ‘ಪೋಕಾ ಯೋಕೆ’ ಎಂಬ ತತ್ತ್ವದ ಪ್ರಕಾರ, ಕೆಲಸಗಾರನಿಗೆ ಎಚ್ಚರ ಹೇಳುವುದಕ್ಕಿಂತ ತಪ್ಪಾಗಿ ಜೋಡಿಸಲು ಆಗದಂತೆ ಬಿಡಿಭಾಗವನ್ನು ರೂಪಿಸುವುದು ಮೇಲು. ಅಮೆರಿಕದ ಪತ್ರಕರ್ತರು ವಿವರ ತುಂಬಬೇಕಾದ ಕಡೆ ‘ಟಿ’ ಮತ್ತು ‘ಕೆ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳನ್ನು ಒತ್ತಟ್ಟಿಗೆ ಬರೆಯುತ್ತಾರೆ. ಆ ಜೋಡಿ ಇಂಗ್ಲಿಷ್ ಪದಗಳಲ್ಲಿ ತೀರ ವಿರಳವಾದ್ದರಿಂದ ಯಂತ್ರ ಅದನ್ನು ಸುಲಭವಾಗಿ ಹುಡುಕಿ, ಅದಿರುವ ಬರಹವನ್ನು ಮುಂದಕ್ಕೆ ಬಿಡದೆ ತಡೆಯಬಲ್ಲದು. ಕನ್ನಡದ ಕರಡಿನಲ್ಲಿ ಖಾಲಿ ಜಾಗವನ್ನು ಚುಕ್ಕಿಗಳ ಸಾಲಿನಿಂದ ಗುರುತಿಸಿದರೆ ಈ ಅನುಕೂಲ ದೊರೆಯುವುದಿಲ್ಲ, ಏಕೆಂದರೆ ಮುಗಿದ ಗದ್ಯದಲ್ಲಿಯೂ ಚುಕ್ಕಿಗಳ ಸಾಲು ಬರುತ್ತದೆ. ಕನ್ನಡ ಸುದ್ದಿಮನೆಗಳು ಬೇರೆಲ್ಲೂ ಬರಲಾರದ ಗುರುತೊಂದನ್ನು ಗೊತ್ತುಮಾಡಿಕೊಳ್ಳುವುದು ಖರ್ಚಿಲ್ಲದ ಕೆಲಸ, ಆದರೆ ಅದರ ಪ್ರಯೋಜನ ದೊಡ್ಡದು.

ಈ ಎಲ್ಲ ತಡೆಗಳ ವಿರುದ್ಧ ನ್ಯಾಯವಾದ ಆಕ್ಷೇಪವೊಂದಿದೆ. ಸಿದ್ಧಲೇಖನದ ಉದ್ದೇಶವೇ ಶೀಘ್ರ ಪ್ರಕಟಣೆಯಾಗಿರುವಾಗ ಅದನ್ನು ಮುಖ್ಯ ಉಗ್ರಾಣದಿಂದ ಹೊರಗಿಟ್ಟರೆ, ಬೇಕಾದ ಗಳಿಗೆಯಲ್ಲಿ ಹುಡುಕಿ ತಂದು ಹಾಕಲು ಕೆಲವು ನಿಮಿಷಗಳಾದರೂ ಹೆಚ್ಚು ಬೇಕು. ಆ ನಿಮಿಷಗಳು ಕಳೆದುಕೊಳ್ಳಲು ಯೋಗ್ಯವಾದವು. ಸಾವಿನ ಸುದ್ದಿಯನ್ನು ಎರಡು ಸಾಲಿನಲ್ಲಿ ಕೂಡಲೇ ತಿಳಿಸಿ, ವಿಸ್ತಾರವಾದ ಲೇಖನವನ್ನು ಸ್ವಲ್ಪ ತಡೆದು ಕೊಟ್ಟರೆ ಓದುಗನಿಗೆ ನಷ್ಟವಿಲ್ಲ. ಬದುಕಿರುವ ತಂದೆಯ ಸಾವಿನ ವಾರ್ತೆಯನ್ನು ಫೋನಿನಲ್ಲಿ ಓದುವ ಮಕ್ಕಳಿಗೆ ಆಗುವ ಆಘಾತವನ್ನು ಯಾವ ತಿದ್ದುಪಡಿಯೂ ಹಿಂತೆಗೆಯಲಾರದು. ಇಬ್ಬರ ಒಪ್ಪಿಗೆಯ ನಿಯಮ ತಾತ್ತ್ವಿಕವಾಗಿ ಒಳ್ಳೆಯದಾದರೂ, ರಾತ್ರಿ ಪಾಳಿಯಲ್ಲಿ ಒಬ್ಬನೇ ಕುಳಿತಿರುವ ಸಣ್ಣ ಪತ್ರಿಕೆಯಲ್ಲಿ ಮೊದಲು ಮುರಿಯುವುದು ಅದೇ ನಿಯಮ. ಕರಡುಗಳನ್ನು ಪ್ರಕಟಣೆಯ ತಂತ್ರಾಂಶಕ್ಕೆ ಸಂಪರ್ಕವೇ ಇಲ್ಲದ ಬೇರೊಂದು ಕಡತಕೋಶದಲ್ಲಿ ಇಡುವ ಏರ್ಪಾಡಿಗಾದರೋ ಎರಡನೆಯ ವ್ಯಕ್ತಿಯ ಅಗತ್ಯವಿಲ್ಲ, ಹೆಚ್ಚಿನ ಹಣದ ಅಗತ್ಯವೂ ಇಲ್ಲ.