ಸಿಹಿ ಚಹಾಕ್ಕೆ ಉಪ್ಪಿನ ಬಿಸ್ಕತ್ತು: ರಸಿಕರಿಗೊಂದು ಕೈಪಿಡಿ

1999ರ ಇಗ್ ನೊಬೆಲ್ ಬಹುಮಾನಗಳನ್ನು ಚಹಾ ಬಾಚಿಕೊಂಡಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ವರ್ಷಕ್ಕೊಮ್ಮೆ ಕೊಡುವ ತಮಾಷೆಯ ಬಹುಮಾನ ಇದು. ಆ ಸಲ ಸಾಹಿತ್ಯದ ಬಹುಮಾನ ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್‌ಗೆ ಹೋಯಿತು, ಒಂದು ಕಪ್ ಚಹಾ ಮಾಡುವ ಕ್ರಮವನ್ನು ಆರು ಪುಟ ಬರೆದಿಟ್ಟ ಸಾಹಸಕ್ಕೆ. ಭೌತಶಾಸ್ತ್ರದ್ದರಲ್ಲಿ ಅರ್ಧ ಪಾಲು ಕೆಟಲ್ಲಿನ ಮೂತಿಯಿಂದ ಚಹಾ ತೊಟ್ಟಿಕ್ಕದಂತೆ ಮಾಡುವ ಲೆಕ್ಕಕ್ಕೆ, ಇನ್ನರ್ಧ ಬ್ರಿಸ್ಟಲ್ಲಿನ ವಿಜ್ಞಾನಿ ಲೆನ್ ಫಿಶರ್ ಅವರಿಗೆ. ಬಿಸ್ಕತ್ತನ್ನು ಚಹಾದಲ್ಲಿ ಅದ್ದುವುದು ಹೇಗೆ ಎಂದು ಅವರು ಪ್ರಯೋಗ ಮಾಡಿ ಕಂಡುಕೊಂಡಿದ್ದರು.

ಫಿಶರ್ ಮುಂದೆ ಉಪಯೋಗಕ್ಕೆ ಬರುತ್ತಾರೆ. ಆ ಆರು ಪುಟಗಳನ್ನು ಮಾತ್ರ ಪಕ್ಕಕ್ಕಿಡಬಹುದು. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, ಮುಚ್ಚಳ ಮುಚ್ಚಿ 6 ನಿಮಿಷ ಎನ್ನುವ ಆ ಅಳತೆ ಬೇರೆಬೇರೆ ಚಹಾಗಳನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸುವವರಿಗಾಗಿ ಹುಟ್ಟಿದ್ದು. ನಮ್ಮ ಚಹಾದಂಗಡಿಯಲ್ಲಿ ಎಲೆ ನೆನೆಯುವುದಿಲ್ಲ, ಕುದಿಯುತ್ತದೆ. ಹಾಲು ಅರ್ಧಕ್ಕರ್ಧ. ಸಕ್ಕರೆಯ ವಿಷಯ ಕೇಳಲೇಬಾರದು. ಆದ್ದರಿಂದ ಬಿಸ್ಕತ್ತಿನ ಮಾತು ಆಮೇಲೆ. ಲೋಟದಲ್ಲಿರುವುದು ಎಂಥ ಚಹಾ ಎಂದು ಮೊದಲು ತಿಳಿಯಬೇಕು.

ಬಹುಪಾಲು ಮನೆಗಳಲ್ಲಿ ಅದು ಸಿಟಿಸಿ. 1930ರ ಸುಮಾರಿಗೆ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಯಂತ್ರದಿಂದ ಬಂದ ಪುಡಿ. ಹಲ್ಲುಗಳಿರುವ ಎರಡು ಉರುಳೆಗಳು ಬೇರೆಬೇರೆ ವೇಗದಲ್ಲಿ ತಿರುಗುತ್ತ, ಬಾಡಿಸಿದ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತುತ್ತವೆ. ಎಲೆಯ ಕೋಶಗಳೆಲ್ಲ ಒಡೆದು ರಸ ಗಾಳಿಗೆ ಬೀಳುವುದರಿಂದ ಅದು ಬೇಗ ಕೆಂಪಾಗುತ್ತದೆ. ಒಣಗಿದ ಮೇಲೆ ಉಳಿಯುವ ಕಾಳು ಕುದಿನೀರಿಗೆ ಬಿದ್ದು ಎರಡು ನಿಮಿಷ ಕಳೆಯುವುದರೊಳಗೆ ಬಣ್ಣ ಬಿಟ್ಟುಕೊಡುತ್ತದೆ. ಘಮದ ನಯ ನಾಜೂಕು ಇದರಲ್ಲಿ ಕಡಿಮೆ, ಕಸುವು ಜಾಸ್ತಿ. ಅಷ್ಟೊಂದು ಹಾಲು ಸಕ್ಕರೆಯನ್ನು ಹೊತ್ತು ನಿಲ್ಲಬೇಕಾದರೆ ಆ ಕಸುವೇ ಬೇಕು. ದಕ್ಷಿಣದವರಿಗೆ ಇದರಲ್ಲೂ ಅತಿ ಸಣ್ಣ ಕಣದ ಡಸ್ಟ್ ದರ್ಜೆಯೇ ಪ್ರೀತಿ.

ಹೊಸಬರು ಮೊದಲ ಗುಟುಕನ್ನು ಬಿಸ್ಕತ್ತಿಲ್ಲದೆ ಕುಡಿಯಬೇಕು. ಬಿಸ್ಕತ್ತು ಬಾಯಿಗೆ ಬಿದ್ದಮೇಲೆ ಚಹಾದ ನಿಜವಾದ ರುಚಿ ಸಿಗುವುದಿಲ್ಲ. ಆ ಗುಟುಕಿನಲ್ಲಿ ಹುಡುಕಬೇಕಾದದ್ದು ಒಗರು. ಅದು ಕಹಿಯಲ್ಲ. ಚಹಾದ ಪಾಲಿಫಿನಾಲುಗಳು ಎಂಜಲಿನ ಪ್ರೋಟೀನುಗಳಿಗೆ ಅಂಟಿಕೊಂಡಾಗ ಕೆನ್ನೆಯ ಒಳಬದಿ ಒಣಗಿ ಬಿಗಿದ ಹಾಗಾಗುತ್ತದಲ್ಲ, ಅದು. ಹಾಲಿನಲ್ಲಿರುವ ಕೇಸೀನ್ ಕೂಡ ಇದೇ ಪಾಲಿಫಿನಾಲುಗಳನ್ನು ಹಿಡಿದುಕೊಳ್ಳುವುದರಿಂದ ಹಾಲು ಹಾಕಿದ ಚಹಾ ಮೆತ್ತಗಾಗುತ್ತದೆ. ಹಾಗೆಂದು ಒಗರು ಪೂರ್ತಿ ಮಾಯವಾಗಬಾರದು; ಮಾಯವಾದರೆ ಚಹಾ ಬಿಸಿ ಬಾದಾಮಿ ಹಾಲಿನ ದಾರಿ ಹಿಡಿದಂತೆ. ಶುಂಠಿ ಹಾಕುವವರು ಅದನ್ನು ನೀರಿನಲ್ಲೇ ಕುದಿಸಿಕೊಳ್ಳಬೇಕು. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವಿದೆ. ಅದು ಕುದಿದು ಸಾಯುವ ಮೊದಲೇ ಹಾಲು ಸುರಿದರೆ ಒಡೆಯುವ ಅಪಾಯ ಉಂಟು.

ಈಗ ಬಿಸ್ಕತ್ತು. ಸಿಹಿಯಾದ ಹಾಲು ಚಹಾದ ಜೊತೆ ಸಿಹಿ ಬಿಸ್ಕತ್ತು ತಿನ್ನುವುದು ನಮ್ಮಲ್ಲಿ ಬಾಲ್ಯದಿಂದ ಅಂಟಿದ ಅಭ್ಯಾಸ. ರುಚಿಯ ದೃಷ್ಟಿಯಿಂದ ಅದು ನಷ್ಟದ ವ್ಯಾಪಾರ. ಒಂದು ಸಿಹಿಗೆ ಒಗ್ಗಿದ ನಾಲಿಗೆಗೆ ಮುಂದಿನ ಸಿಹಿ ಸಪ್ಪೆ, ಹಾಗಾಗಿ ಕ್ರೀಮ್ ಬಿಸ್ಕತ್ತಿನ ಮೇಲೆ ಕುಡಿದ ಚಹಾದಲ್ಲಿ ಸಕ್ಕರೆ ಸಾಲದು ಅನ್ನಿಸಿ, ಬರೀ ಕಹಿ ಎದ್ದು ಕಾಣುತ್ತದೆ. ಉಪ್ಪಿನ ಕೆಲಸ ಇದಕ್ಕೆ ತದ್ವಿರುದ್ಧ: ಚಿಟಿಕೆ ಉಪ್ಪು ಕಹಿಯನ್ನು ಅದುಮಿ ಸಿಹಿಯನ್ನು ಮೇಲಕ್ಕೆತ್ತುತ್ತದೆ. ಬೇಕರಿಯ ಬಿಸ್ಕತ್ತುಗಳಲ್ಲಿ ಚಹಾದ ಹೆಸರಿನಲ್ಲೇ ಖ್ಯಾತಿ ಪಡೆದವುಗಳು ಹೆಚ್ಚಾಗಿ ಉಪ್ಪು, ಬೆಣ್ಣೆ ಎರಡೂ ಕೂಡಿದಂಥವು.

ಅವುಗಳ ರಾಜ ಉಸ್ಮಾನಿಯಾ. ಹೈದರಾಬಾದಿನ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತ ಈ ಬಿಸ್ಕತ್ತನ್ನು ಮೊದಲು ಮಾಡಿದ್ದು ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗಾಗಿ ಎಂಬ ಪ್ರತೀತಿ ಇದೆ. ನಿಜಾಮರಿಗೇ ಉಪ್ಪು-ಸಿಹಿ ಬೆರೆತದ್ದು ಬೇಕಿತ್ತು ಎನ್ನುವವರೂ ಇದ್ದಾರೆ. ಕತೆ ಯಾವುದಾದರೂ ಇರಲಿ, ಕೈಗೆತ್ತಿಕೊಂಡರೆ ಅದರ ಜಾಣತನ ತಿಳಿಯುತ್ತದೆ. ಮೇಲ್ಮೈ ಹೊಂಬಣ್ಣ, ಅಂಚು ತುಸು ಕಂದು. ಹಲ್ಲಿಗೆ ಸಿಕ್ಕರೆ ಮುರಿಯುವುದಕ್ಕಿಂತ ಹೆಚ್ಚಾಗಿ ಉದುರುತ್ತದೆ. ನಾಲಿಗೆಗೆ ಮೊದಲು ಬೆಣ್ಣೆ, ಹಿಂದೆಯೇ ಸಿಹಿ, ನುಂಗುವ ಹೊತ್ತಿಗೆ ಉಪ್ಪು. ಆ ಉಪ್ಪೇ ಮುಂದಿನ ಗುಟುಕನ್ನು ಕರೆಯುವುದು.

ಅದಕ್ಕೆ ಜೋಡಿಯಾದ ಇರಾನಿ ಚಹಾದ್ದು ಬೇರೆಯೇ ಶಿಸ್ತು. ಹಾಲೂ ಡಿಕಾಕ್ಷನ್ನೂ ಕೊನೆಯ ಗಳಿಗೆಯವರೆಗೆ ಒಂದನ್ನೊಂದು ಮುಟ್ಟುವುದಿಲ್ಲ. ಬಾಯಿ ಬಿಗಿದ ಹಂಡೆಯಲ್ಲಿ ಚಹಾಪುಡಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಕೂತಿರುತ್ತದೆ. ಇನ್ನೊಂದು ಪಾತ್ರೆಯಲ್ಲಿ ಹಾಲು ಕುದಿದು ಕುದಿದು ಗಟ್ಟಿಯಾಗುತ್ತದೆ. ಗಿರಾಕಿ ಬಂದಾಗಲೇ ಎರಡೂ ಕಪ್ಪಿನಲ್ಲಿ ಕೂಡುವುದು. ಹೀಗಾಗಿ ಒಂದೇ ಕಪ್ಪಿನಲ್ಲಿ ಹಾಲಿನ ಕೆನೆತನವೂ ಡಿಕಾಕ್ಷನ್ನಿನ ಖಡಕ್ಕೂ ತಂತಮ್ಮ ಜಾಗದಲ್ಲಿ ಉಳಿಯುತ್ತವೆ. ಇರಾನಿನಿಂದ ವಲಸೆ ಬಂದವರು ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ತೆರೆದ ಕೆಫೆಗಳಿಂದ ಈ ಹೆಸರು ಉಳಿಯಿತು. ಚಾರ್‌ಮಿನಾರ್ ಪಕ್ಕದ ನಿಮ್ರಾ ಕೆಫೆಯಲ್ಲಿ ನಿಂತು ಕುಡಿಯುವುದು ಹೊಸಬರಿಗೆ ಒಳ್ಳೆಯ ಮೊದಲ ಪಾಠ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರಿನವರಿಗೆ ಮಾತ್ರ ಈ ಜೋಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಿಲ್ಲ.

ಉಸ್ಮಾನಿಯಾಕ್ಕೆ ಬೆಂಗಳೂರು ಕೊಡುವ ಉತ್ತರ ಖಾರ ಬಿಸ್ಕತ್ತು. ಹಾಸನ ಜಿಲ್ಲೆಯ ಕಡೆಯಿಂದ ಬಂದ ಅಯ್ಯಂಗಾರರು ಮೊಟ್ಟೆ ಮುಟ್ಟದೆ ಬೇಕರಿ ನಡೆಸಿದರು. ಕಾಂಗ್ರೆಸ್ ಕಡಲೇಕಾಯಿ, ದಿಲ್‌ಪಸಂದ್‌ಗಳ ಜೊತೆಗೆ ಇದೂ ಅವರ ಗಾಜಿನ ಬೀರುಗಳಲ್ಲಿ ಕೂತಿತು. ವಿ.ವಿ. ಪುರದಲ್ಲಿ 1953ರಿಂದ ಇರುವ ವಿ.ಬಿ. ಬೇಕರಿಯ ಮುಂದಿನ ಸಂಜೆಯ ಗುಂಪು ನೋಡಿದರೆ ಅದರ ಗಿರಾಕಿ ಎಷ್ಟೆಂದು ತಿಳಿಯುತ್ತದೆ. ಮೈದಾ, ಬೆಣ್ಣೆ ಅಥವಾ ಡಾಲ್ಡಾ, ಉಪ್ಪು, ಹಸಿಮೆಣಸಿನಕಾಯಿ, ಕರಿಬೇವು, ಜೊತೆಗೆ ತುಸುವೇ ಸಕ್ಕರೆ. ಮೆಣಸಿನಕಾಯಿಯ ಉರಿಯನ್ನು ಬಿಸಿ ಚಹಾ ಇನ್ನಷ್ಟು ಕೆರಳಿಸುತ್ತದೆ, ಅದರ ಹಾಲು ತಣಿಸುತ್ತದೆ. ಈ ಜಗ್ಗಾಟದಲ್ಲೇ ಅರ್ಧ ಪಾವು ಬಿಸ್ಕತ್ತು ಖಾಲಿ. ಇದನ್ನು ಅದ್ದುವವರನ್ನು ಕಂಡರೆ ಮಾತ್ರ ತಡೆಯಬೇಕು. ಕರಿಬೇವಿನ ಚೂರು ತೇಲುವ ಚಹಾ ಯಾರಿಗೂ ಬೇಡ. ಬೈಟು ಹೇಳಿದ್ದರಂತೂ ಎದುರಿಗಿರುವವರಿಗೂ ಅನ್ಯಾಯ.

ಅದ್ದುವ ಮಾತು ಬಂತಾದ್ದರಿಂದ ಲೆನ್ ಫಿಶರ್ ಅವರನ್ನು ಮತ್ತೆ ಕರೆಯೋಣ. ಬಿಸ್ಕತ್ತೆಂದರೆ ಸಕ್ಕರೆ ಮತ್ತು ಕೊಬ್ಬು ಹಿಡಿದಿಟ್ಟ ಪಿಷ್ಟದ ಕಣಗಳು, ನಡುವೆ ಸಣ್ಣ ಸಣ್ಣ ರಂಧ್ರಗಳು. ಬಿಸಿ ಚಹಾ ಆ ರಂಧ್ರಗಳಲ್ಲಿ ತಾನಾಗಿ ಏರುತ್ತದೆ. ಸಕ್ಕರೆ ಕರಗಿ, ಕೊಬ್ಬು ಸಡಿಲವಾಗಿ, ಪಿಷ್ಟ ಉಬ್ಬುತ್ತಿದ್ದಂತೆ ಬಿಸ್ಕತ್ತು ತನ್ನ ಭಾರ ತಾನೇ ತಾಳದೆ ಕಳಚಿ ಬೀಳುತ್ತದೆ. ದ್ರವ ಎಷ್ಟು ದೂರ ಏರೀತು ಎಂಬುದಕ್ಕೆ 1921ರಲ್ಲೇ ಎಡ್ವರ್ಡ್ ವಾಶ್‌ಬರ್ನ್ ಸೂತ್ರ ಕೊಟ್ಟಿದ್ದರು. ಅದರ ಪ್ರಕಾರ ದಪ್ಪ ಎರಡು ಪಟ್ಟಾದರೆ ನೆನೆಯಲು ಬೇಕಾದ ಸಮಯ ನಾಲ್ಕು ಪಟ್ಟು. ಸಾಮಾನ್ಯ ಇಂಗ್ಲಿಷ್ ಬಿಸ್ಕತ್ತಿಗೆ ಫಿಶರ್ ಕಂಡ ಲೆಕ್ಕ ಮೂರೂವರೆಯಿಂದ ಐದು ಸೆಕೆಂಡು. ಅವರ ಜಾಣ ಸಲಹೆ ಬೇರೆ: ಬಿಸ್ಕತ್ತನ್ನು ಆದಷ್ಟು ಅಡ್ಡಡ್ಡ ಹಿಡಿದು ಅದ್ದಬೇಕು, ಮೇಲ್ಮೈ ಒಣಗಿಯೇ ಇರಬೇಕು. ಕೆಳಗಿನ ಪದರ ಮೆತ್ತಗಾದರೂ ಮೇಲಿನದು ಅದನ್ನು ಎತ್ತಿ ಹಿಡಿಯುತ್ತದೆ. ಗಾಜಿನ ಸಣ್ಣ ಲೋಟದಲ್ಲಿ ಇದು ಆಗದ ಮಾತು. ಬಾಯಗಲದ ಕಪ್ಪು ಬೇಕು, ಇಲ್ಲವೇ ಬಸಿ.

ಇಷ್ಟು ತಿಳಿದರೆ ಮಿಕ್ಕ ಬಿಸ್ಕತ್ತುಗಳ ಸ್ವಭಾವ ಊಹಿಸಬಹುದು. ಗ್ಲೂಕೋಸ್ ಬಿಸ್ಕತ್ತು ತೆಳು, ರಂಧ್ರ ಹೆಚ್ಚು, ಕೊಬ್ಬು ಕಡಿಮೆ. 1929ರಲ್ಲಿ ಮುಂಬೈನ ವಿಲೆ ಪಾರ್ಲೆಯಲ್ಲಿ ಶುರುವಾದ ಕಂಪನಿಯ ಪಾರ್ಲೆ-ಜಿ ಚಹಾದಲ್ಲಿ ಕ್ಷಣ ಹೆಚ್ಚು ನಿಂತರೆ ತಳ ಸೇರುವುದು ಈ ಕಾರಣಕ್ಕೆ. ಸಿಹಿಯ ವಿಷಯದಲ್ಲಿ ಮೇಲೆ ಹೇಳಿದ ಆಕ್ಷೇಪ ಇದಕ್ಕೂ ಸಲ್ಲುತ್ತದೆ, ಆದರೆ ಸಕ್ಕರೆ ಕಡಿಮೆ ಹಾಕಿದ ಖಡಕ್ ಚಹಾದಲ್ಲಿ ಅದ್ದಿದ ಪಾರ್ಲೆ-ಜಿಯ ಎದುರು ಯಾವ ಸಿದ್ಧಾಂತವೂ ನಿಲ್ಲದು. ರಸ್ಕ್ ಬ್ರೆಡ್ಡನ್ನೇ ಕೊಯ್ದು ಮತ್ತೊಮ್ಮೆ ಬೇಯಿಸಿ ಒಣಗಿಸಿದ್ದು. ನೀರಿನಂಶವೇ ಇಲ್ಲದ್ದರಿಂದ ಚಹಾವನ್ನು ಧಾರಾಳವಾಗಿ ಹೀರಿಯೂ ಆಕಾರ ಬಿಡುವುದಿಲ್ಲ. ಬೆಳಗಾವಿ ಕಡೆ ಅದು ಟೋಸ್ಟ್, ಅದರ ಪಕ್ಕದಲ್ಲಿ ಪದರು ಪದರಾದ ಖಾರಿ. ಖಾರಿಯ ಪದರಗಳಲ್ಲಿ ಕೊಬ್ಬು ತುಂಬಿರುವುದರಿಂದ ಒಂದೇ ಮುಳುಗು ಸಾಕು.

ಹಾಲಿಲ್ಲದ ಚಹಾಕ್ಕೆ ಬಂದರೆ ನಿಯಮವೇ ತಿರುಗುತ್ತದೆ. ಅಲ್ಲಿ ಅದ್ದುವಂತಿಲ್ಲ. ಡಾರ್ಜಿಲಿಂಗಿನ ಮಾರ್ಚ್-ಏಪ್ರಿಲ್ ಕೊಯ್ಲಿನ ತೆಳು ಹೊನ್ನಿನ ಚಹಾಕ್ಕೆ ಬಿಸ್ಕತ್ತೇ ಬೇಡ, ತೀರಾ ಬೇಕೆಂದರೆ ಮಾರಿ. 1874ರಲ್ಲಿ ಲಂಡನ್ನಿನ ಪೀಕ್ ಫ್ರೀನ್ ಕಂಪನಿ ರಷ್ಯಾದ ರಾಜಕುಮಾರಿ ಮಾರಿಯಾಳ ಮದುವೆಯ ನೆನಪಿಗೆ ಮಾಡಿದ ಈ ಬಿಸ್ಕತ್ತಿನ ದೊಡ್ಡ ಗುಣ ತಾನು ಮುಂದೆ ಬರದಿರುವುದು. ಮೇ-ಜೂನಿನ ಎರಡನೇ ಕೊಯ್ಲು ಗಟ್ಟಿಗ. ಚಿಗುರನ್ನು ಹೀರುವ ಪುಟ್ಟ ಜಿಗಿಹುಳುಗಳ ಕಡಿತಕ್ಕೆ ಗಿಡ ಕೊಡುವ ಪ್ರತಿಕ್ರಿಯೆಯಿಂದಲೇ ಅದರ ಹೆಸರಾಂತ ದ್ರಾಕ್ಷಿಯ ಘಮ ಹುಟ್ಟುತ್ತದೆ. ಅದಕ್ಕೆ ಮಸಾಲೆ ಸೋಕದ ಬೆಣ್ಣೆ ಬಿಸ್ಕತ್ತು, ಪುಣೆಯ ಕಯಾನಿ ಬೇಕರಿಯ ಶ್ರೂಸ್‌ಬರಿ ಸಿಕ್ಕರೆ ಇನ್ನೂ ಒಳ್ಳೆಯದು. ಈ ಎರಡೂ ಚಹಾಗಳಿಗೆ ನೀರು ಭೋರೆಂದು ಕುದಿಯಬಾರದು. ಕುದಿ ಇಳಿದ ಮೇಲೆ ಸುರಿದು ಮೂರು ನಿಮಿಷಕ್ಕೆ ಸೋಸಬೇಕು. ಕರಾವಳಿಯ ಸುಲೈಮಾನಿ ಚಹಾದಲ್ಲಿ ನಿಂಬೆಯ ಹುಳಿ ಇರುವುದರಿಂದ ಏಲಕ್ಕಿ ಹಾಕಿದ ನಾನ್‌ಖಟಾಯಿಯ ಜಿಡ್ಡು ಹದವಾಗಿ ಕರಗುತ್ತದೆ.

ಇನ್ನು ಕಾಶ್ಮೀರದ ನೂನ್ ಚಾಯ್. ಹಸಿರು ಚಹಾದೆಲೆಯನ್ನು ಅಡುಗೆ ಸೋಡಾ ಹಾಕಿ ಬಹಳ ಹೊತ್ತು ಕುದಿಸಿದಾಗ ಬರುವ ಕಡುಗೆಂಪು ರಸಕ್ಕೆ ಹಾಲು ಬಿದ್ದರೆ ಗುಲಾಬಿ ಬಣ್ಣ. ಸಕ್ಕರೆಯ ಜಾಗದಲ್ಲಿ ಉಪ್ಪು. ಬಿಸ್ಕತ್ತು ಒದಗಿಸಬೇಕಾದ ಉಪ್ಪು ಕಪ್ಪಿನಲ್ಲೇ ಇರುವಾಗ ಜೊತೆಗಾರ ಸೌಮ್ಯನಾದರೂ ನಡೆದೀತು. ಬೆಳಿಗ್ಗೆ ಕಾಂದುರ್ ಎಂಬ ರೊಟ್ಟಿ ಸುಡುವವನ ಅಂಗಡಿಯಿಂದ ತಂದ ಬಿಸಿ ರೊಟ್ಟಿ, ಮಧ್ಯಾಹ್ನ ಎಳ್ಳು ಉದುರಿಸಿದ ಬಳೆಯಾಕಾರದ ಚೊಚ್‌ವೊರ್, ನೆಂಟರು ಬಂದರೆ ಮುಟ್ಟಿದ ಕೂಡಲೇ ಪುಡಿಯಾಗುವ ಕುಲ್ಚಾ ಅಥವಾ ಪದರದ ಬಾಕರ್‌ಖಾನಿ. ಮೊದಲ ಗುಟುಕಿಗೆ ಹೊಸಬರು ಮುಖ ಕಿವುಚುವುದುಂಟು. ಚಹಾ ಎಂಬುದನ್ನು ಮರೆತು ಕುಡಿದರೆ ಎರಡನೇ ಕಪ್ಪಿಗೆ ಒಗ್ಗುತ್ತದೆ. ಕುಲ್ಚಾ ಮೊದಲ ತುತ್ತಿಗೇ ಒಗ್ಗುತ್ತದೆ.